ಸೋಮವಾರದ ಒಗೆತ

ಮೂರನೆಯ ಬಟ್ಟೆಯನ್ನೂ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು ಥರ್ಜಾ ಪೆನ್‌ಹೇಲ್. ಒಂದು ಅಂಚಿನಲ್ಲಿ ದ್ರಾಕ್ಷಾರಸದ ಸಣ್ಣ ಕಲೆ, ಇನ್ನೊಂದು ಕಡೆ ಯಾರದೋ ಮೀಸೆಯಿಂದ ಅಂಟಿದ ರೊಟ್ಟಿಯ ಚೂರು. ಅಷ್ಟೇ. ಹಿಂದುಮುಂದು ಮಾಡಿ ನೋಡಿದಳು. ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು. ಇರಬೇಕಾದ ಬಣ್ಣ ಇರಲಿಲ್ಲ.

"ಇದು ಮೂರನೇ ಸೋಮವಾರ," ಎಂದಳು ಸಿಂಕಿಗೆ. ಗಂಡ ಹೋದಮೇಲೆ ಅವಳ ಮಾತುಕತೆಯೆಲ್ಲ ಹೆಚ್ಚಾಗಿ ಸಿಂಕಿನ ಜೊತೆಗೆ, ಚಳಿಗಾಲದಲ್ಲಾದರೆ ಒಲೆಯ ಜೊತೆಗೆ.

ನಮ್ಮ ಸೇಂಟ್ ಪಿರನ್ ಚರ್ಚಿನಲ್ಲಿ ಭಾನುವಾರ ಪ್ರಭುಭೋಜನಕ್ಕೆ ಎಲ್ಲರೂ ಕುಡಿಯುವುದು ಒಂದೇ ಬೆಳ್ಳಿ ಬಟ್ಟಲಿನಿಂದ. ಒಬ್ಬರು ಕುಡಿದ ಮೇಲೆ ಅಂಚನ್ನು ಬಿಳಿಯ ನಾರುಬಟ್ಟೆಯಿಂದ ಒರೆಸಿ, ಬಟ್ಟಲನ್ನು ತುಸು ತಿರುಗಿಸಿ, ಮುಂದಿನವರ ಬಾಯಿಗೆ ಹಿಡಿಯುತ್ತಾರೆ. ನಡುವೆ ಕೆಂಪು ದಾರದ ಶಿಲುಬೆ ಹಾಕಿದ ಆ ಬಟ್ಟೆಗಳನ್ನು ಮನೆಯ ಚಾದರ ಕಾಲುಚೀಲಗಳ ಜೊತೆ ಮೆಷಿನ್ನಿಗೆ ತುರುಕುವ ಹಾಗಿಲ್ಲ. ಕೈಯಲ್ಲೇ ಒಗೆಯಬೇಕು. ಮೊದಲ ನೀರನ್ನು ಚರಂಡಿಗೆ ಬಿಡಬಾರದು. ಆಶೀರ್ವದಿಸಿದ ದ್ರಾಕ್ಷಾರಸ ಅದರಲ್ಲಿರುತ್ತದೆ, ಹೊರಗೆ ಮಣ್ಣಿಗೇ ಹಾಕಬೇಕು. ಆಮೇಲೆ ಹಸಿ ಇರುವಾಗಲೇ ಇಸ್ತ್ರಿ, ಆ ಕಡೆಯಿಂದ ಮೂರು ಮಡಿಕೆ, ಈ ಕಡೆಯಿಂದ ಮೂರು ಮಡಿಕೆ. ವೇದಿಯ ಕೆಲಸ ನೋಡಿಕೊಳ್ಳುವ ಹೆಂಗಸರ ಸಂಘದಲ್ಲಿ ಈ ಒಗೆತ ಸರದಿಯ ಮೇಲೆ ಬರಬೇಕು. ಆದರೆ ಥರ್ಜಾ ಹದಿನೇಳು ವರ್ಷದಿಂದ ಆ ಸರದಿಯನ್ನು ಇನ್ನೊಬ್ಬರಿಗೆ ಕೊಟ್ಟವಳೇ ಅಲ್ಲ. ಜನ ಅದನ್ನು ಭಕ್ತಿ ಎಂದರು. ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಭಕ್ತಿಯೊಂದಕ್ಕೇ ಎಪ್ಪತ್ತೊಂದರ ಮುದುಕಿ ಕೀಲುನೋವಿನ ಬೆರಳುಗಳನ್ನು ವಾರವಾರವೂ ತಣ್ಣೀರಿಗೆ ಅದ್ದುತ್ತಾಳೆಯೆ?

ನಿಜವಾದ ಕಾರಣ ಆ ಬಣ್ಣ. ಹಣ್ಣಾದ ಕಿತ್ತಳೆಗೆ ಇಟ್ಟಿಗೆ ಪುಡಿ ಬೆರೆಸಿದಂಥ ಬಣ್ಣ, ಅರ್ಧಚಂದ್ರದ ಆಕಾರ. ಹತ್ತು ಗಂಟೆಯ ಪ್ರಾರ್ಥನೆಯ ಮೂರು ಬಟ್ಟೆಗಳಲ್ಲಿ ಒಂದರಲ್ಲಿ ಅದು ಇದ್ದೇ ಇರುತ್ತಿತ್ತು. ಈ ಊರಿನ ಚಳಿಗೆ ಹೆಂಗಸರು ತುಟಿಗೆ ವ್ಯಾಸಲೀನ್ ಬಿಟ್ಟು ಬೇರೇನೂ ಹಚ್ಚುವವರಲ್ಲ. ಹಚ್ಚುವವಳು ಒಬ್ಬಳೇ, ಥರ್ಜಾಳ ತಂಗಿ ಲವ್‌ಡೇ. ಹದಿನೆಂಟು ತುಂಬಿದ ದಿನ ಆ ಬಣ್ಣ ಹಚ್ಚಿಕೊಂಡು ಅಡುಗೆಮನೆಗೆ ಬಂದವಳನ್ನು ನೋಡಿ ಅಮ್ಮ, "ಯಾರನ್ನಾದ್ರೂ ಕಚ್ಚಿದ್ಯೇನೇ?" ಎಂದು ಕೇಳಿದ್ದಳು.

ಅಕ್ಕತಂಗಿಯರಿಗೆ ಮಾತಿಲ್ಲ. ಆರು ಬೀದಿಯ ಊರಿನಲ್ಲಿ ಹದಿನೇಳು ವರ್ಷದಿಂದ ಮುಖಕ್ಕೆ ಮುಖ ಕೊಟ್ಟಿಲ್ಲ. ಅದು ಸಾಧ್ಯವಾದದ್ದು ಚರ್ಚಿನಲ್ಲಿ ಭಾನುವಾರ ಎರಡು ಪ್ರಾರ್ಥನೆಗಳಿರುವುದರಿಂದ. ಎಂಟು ಗಂಟೆಯದು ಹಳೆಯ ಪ್ರಾರ್ಥನಾ ಪುಸ್ತಕದ ಹಳೆಯ ಮಾತಿನದು. ಹಾಡಿಲ್ಲ, ಕೈ ಕುಲುಕುವುದಿಲ್ಲ, ಹನ್ನೆರಡು ಜನ ಹನ್ನೆರಡು ಬೆಂಚಿನಲ್ಲಿ ಕೂತು ಮುಗಿಸಿಕೊಂಡು ಹೋಗುತ್ತಾರೆ. ಹತ್ತು ಗಂಟೆಯದು ಹೊಸ ಪುಸ್ತಕದ್ದು. ಆರ್ಗನ್ನು, ಮಕ್ಕಳು, ಅಪ್ಪುಗೆ, ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ ಮತ್ತು ಕೇಸರಿ ಬನ್ನು. ಎಂಟರವರು ಹತ್ತರವರನ್ನು ಸಂತೆಯವರು ಎನ್ನುತ್ತಾರೆ. ಹತ್ತರವರು ಎಂಟರವರನ್ನು ಫ್ರಿಜ್ಜಿನಲ್ಲಿಟ್ಟವರು ಎನ್ನುತ್ತಾರೆ. ಥರ್ಜಾ ಎಂಟರವಳು, ಲವ್‌ಡೇ ಹತ್ತರವಳು. ಊರವರೂ ಜಾಣರು. ಚರ್ಚಿನ ಅಡುಗೆಮನೆಯಲ್ಲಿ ಮಾರಾಟಕ್ಕೆಂದು ಮಾಂಸ ತರಕಾರಿ ತುಂಬಿ ಬೇಯಿಸುವ ಪ್ಯಾಸ್ಟಿ ಮಾಡುವಾಗ ಬುಧವಾರ ತರಕಾರಿ ಹೆಚ್ಚುವುದಕ್ಕೆ ಅಕ್ಕನನ್ನು, ಗುರುವಾರ ಹಿಟ್ಟಿನ ಅಂಚು ಮಡಿಚುವುದಕ್ಕೆ ತಂಗಿಯನ್ನು ಹಾಕಿದರು. ಯಾರೂ ಏನೂ ಕೇಳಲಿಲ್ಲ.

ಹೀಗಾಗಿ ಥರ್ಜಾಗೆ ತಂಗಿಯ ಸಮಾಚಾರ ಸಿಗುತ್ತಿದ್ದದ್ದು ಬಟ್ಟೆಯಲ್ಲಿ. ಬಣ್ಣ ಗಾಢವಾಗಿದ್ದರೆ ಹುಷಾರಾಗಿದ್ದಾಳೆ. ತೆಳುವಾಗಿದ್ದರೆ ನೆಗಡಿಯಿರಬೇಕು, ಅವಸರದಲ್ಲಿ ಬಂದಿರಬೇಕು. ಸೋಮವಾರ ಬೆಳಿಗ್ಗೆ ಆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕಾಫಿ ಬಗ್ಗಿಸಿಕೊಂಡು, ಅದರ ಎದುರು ಕೂತು ಕುಡಿದು ಮುಗಿಸಿದ ಮೇಲೆಯೇ ಒಗೆತ. ಇದನ್ನು ಯಾರಿಗಾದರೂ ಹೇಳಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅವಳು ಹೇಳಲಿಲ್ಲ.

ಮೊದಲ ಸೋಮವಾರ ಬಟ್ಟೆ ಬೆಳ್ಳಗಿದ್ದಾಗ, ನೆಗಡಿ, ಬಂದಿಲ್ಲ ಎಂದುಕೊಂಡಳು. ಎರಡನೆಯ ವಾರ ಹಿಮಗಾಳಿ ಬೀಸಿತ್ತು, ಅರ್ಧ ಊರು ಮನೆಯಲ್ಲೇ ಕೂತಿತ್ತು. ಮೂರನೆಯ ವಾರ ಯಾವ ನೆಪವೂ ಇರಲಿಲ್ಲ. ಸಾವಿನ ಸುದ್ದಿಯಾಗಿದ್ದರೆ ಕಿವಿಗೆ ಬೀಳುತ್ತಿತ್ತು ಎಂದು ಬುದ್ಧಿ ಹೇಳಿತು. ನಿನ್ನೆದುರು ಯಾರೂ ಅವಳ ಹೆಸರೆತ್ತಬಾರದು ಎಂದವಳು ನೀನೇ ಅಲ್ಲವೆ, ನಿನಗೆ ಯಾರು ಹೇಳುತ್ತಾರೆ ಎಂದು ಭಯ ಕೇಳಿತು. ಬೋಗುಣಿ ಹಿಡಿದು ಹಿತ್ತಲಿಗೆ ಹೋಗಿ, ಸಲಿಕೆಯಿಂದ ಹಿಮ ಸರಿಸಿ, ಮೊದಲ ನೀರನ್ನು ಲೈಲಾಕ್ ಗಿಡದ ಬುಡಕ್ಕೆ ಹೊಯ್ದಳು. ಅರ್ಧ ನೀರು ಬೂಟಿನ ಮೇಲೆ ಬಿತ್ತು.

ಬುಧವಾರ ಚರ್ಚಿನ ಅಡುಗೆಮನೆಯಲ್ಲಿ ಅವಳೂ ಹಿಲ್ಡಾ ಟ್ರಿಗಿಯರಳೂ ಎದುರುಬದುರು ನಿಂತು ಹಳದಿ ಗೆಡ್ಡೆಕೋಸು ಹೆಚ್ಚುತ್ತಿದ್ದರು. ಹಿಲ್ಡಾ ಸಂಘದ ಯಜಮಾನಿ. ಒಳ್ಳೆಯವಳು; ಒಳ್ಳೆಯದನ್ನು ಮಾಡದೆ ಒಂದು ದಿನವೂ ಸುಮ್ಮನಿರಲಾರಳು, ಅದೇ ಅವಳ ತೊಂದರೆ. ಥರ್ಜಾ ಎರಡು ಗೆಡ್ಡೆ ಹೆಚ್ಚಿ ಮುಗಿಸಿದಳು. ಆಮೇಲೆ ಚಾಕುವಿನ ಮೇಲೆ ಕಣ್ಣಿಟ್ಟೇ ಕೇಳಿದಳು.

"ಹತ್ತು ಗಂಟೆಗೆ ಜನ ಚೆನ್ನಾಗಿ ಬರ್ತಿದ್ದಾರಾ?"

"ಬರ್ತಾರೆ. ಯಾಕೆ?"

"ಸುಮ್ನೆ. ಬಟ್ಟೆ ಅಷ್ಟೇನೂ ಕೊಳೆ ಆಗಿರ್ಲಿಲ್ಲ."

ಹಿಲ್ಡಾಳ ಮುಖ ಅರಳಿತು. ಚಾಕು ಕೆಳಗಿಟ್ಟೇ ಬಿಟ್ಟಳು. "ಅಂತೂ ಗಮನಿಸಿದ್ಯಲ್ಲ! ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ ಕಣೇ. ನಾನೇ ಮಾಡ್ಸಿದ್ದು."

"ಏನು ಮಾಡ್ಸಿದ್ದು?"

"ತುಟಿ ಬಣ್ಣ! ನಿನ್ ಬೆರಳು ನೋಡು, ಶುಂಠಿ ಕೊಂಬಿನ ಥರ ಆಗಿದೆ. ಆ ಬಣ್ಣ ಬಿಡ್ಸಕ್ಕೆ ವಾರವಾರ ಉಜ್ಜಿ ಉಜ್ಜಿ ಸಾಯ್ತೀಯಲ್ಲಾಂತ ಪಾದ್ರಿಯಮ್ಮನಿಗೆ ಹೇಳ್ದೆ. ಅವರು ಹತ್ತು ಗಂಟೆಗೆ ಎಲ್ಲರ ಮುಂದೆ ಹೇಳಿದ್ರು. ಬಟ್ಟಲಿಗೆ ಬರೋ ಮುಂಚೆ ದಯವಿಟ್ಟು ತುಟಿ ಒರೆಸ್ಕೊಂಡು ಬನ್ನಿ ಅಂತ."

ಅಂದರೆ ಬದುಕಿದ್ದಾಳೆ. ಥರ್ಜಾ ಮೇಜಿನ ಅಂಚು ಹಿಡಿದು ನಿಂತಳು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

"ನನ್ನ ಹೆಸರು ಹೇಳಿದ್ರಾ?"

"ಮತ್ತೆ? ಬಟ್ಟೆ ಒಗೆಯೋ ಥರ್ಜಾಗೆ ತೊಂದ್ರೆ ಆಗ್ತಿದೆ ಅಂದ್ರು. ಹೆಸರು ಹೇಳಿದ್ರೇನೇ ಜನಕ್ಕೆ ಕನಿಕರ ಬರೋದು."

"ಅಲ್ಲಿ ತುಟಿಗೆ ಹಚ್ಚೋಳು ಒಬ್ಳೇ, ಹಿಲ್ಡಾ."

ಹಿಲ್ಡಾ ಒಂದು ಗೆಡ್ಡೆ ಎತ್ತಿಕೊಂಡಳು. ಇಷ್ಟು ದಿನ ಅದು ಅವಳ ತಲೆಗೆ ಹೊಳೆದಿರಲಿಲ್ಲವೋ, ಹೊಳೆದರೂ ಒಳ್ಳೆಯ ಕೆಲಸದ ಭರದಲ್ಲಿ ಬದಿಗಿಟ್ಟಿದ್ದಳೋ. ಕೈಯಲ್ಲಿದ್ದ ಗೆಡ್ಡೆಯನ್ನು ತಿರುಗಿಸುತ್ತ ಮೆಲ್ಲಗೆ ಹೇಳಿದಳು. "ಎಲ್ರೂ ತಿರುಗಿ ಅವಳನ್ನೇ ನೋಡಿದ್ರು, ನಿಜ. ಎರಡು ವಾರ ಬರೀ ತುಟೀಲಿ ಬಂದ್ಲು. ಹೋದ ವಾರ ಬರ್ಲೇ ಇಲ್ಲ. ಮತ್ತೆ... ನಿನಗೆ ಹೇಳ್ಬೇಕೋ ಬೇಡ್ವೋ."

"ಹೇಳು."

"ಪಾದ್ರಿಯಮ್ಮನಿಗೆ ಫೋನ್ ಮಾಡಿ ವರ್ಗದ ಪತ್ರ ಕೇಳಿದ್ದಾಳೆ. ಕಾಲುವೆ ಆಚೆ ಚರ್ಚಿಗೆ ಹೋಗ್ತಾಳಂತೆ ಇನ್ಮೇಲೆ. ಈ ಭಾನುವಾರ ಬಂದು ಪತ್ರ ಇಸ್ಕೊಂಡು ಹೋಗ್ತೀನಿ ಅಂದ್ಲಂತೆ."

ಥರ್ಜಾ ಮತ್ತೆ ಗೆಡ್ಡೆ ಹೆಚ್ಚತೊಡಗಿದಳು. ಪ್ಯಾಸ್ಟಿಗೆ ಬೇಕಾದದ್ದಕ್ಕಿಂತ ಬಹಳ ಸಣ್ಣಗೆ ಹೆಚ್ಚಿದಳು. ಉಪಕಾರ ಮಾಡಲು ಹೋಗಿ ಬೆರಳು ಕೊಯ್ದುಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು ಹಿಲ್ಡಾಳ ಮುಖ.

ಮನೆಗೆ ಬಂದವಳೇ ಕೋಟನ್ನೂ ಬಿಚ್ಚದೆ ಫೋನಿನ ಎದುರು ಕೂತಳು. ನಂಬರನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಅದು ಅಮ್ಮನ ಮನೆಯ ನಂಬರು. ಎರಡು ಸಲ ರಿಂಗಾಯಿತು.

"ಹಲೋ?" ಎಂದಿತು ಲವ್‌ಡೇಯ ದನಿ. "ಹಲೋ, ಯಾರು?"

ದನಿ ದಪ್ಪವಾಗಿತ್ತು. ಹಿಂದೆ ರೇಡಿಯೋ ಹಾಡುತ್ತಿತ್ತು. ಹಲೋ ಎಂದವಳಿಗೆ ಹದಿನೇಳು ವರ್ಷವನ್ನು ಯಾವ ತುದಿಯಿಂದ ಹಿಡಿದು ಹೇಳುವುದು? ಥರ್ಜಾ ಮೆಲ್ಲಗೆ ಫೋನ್ ಇಟ್ಟುಬಿಟ್ಟಳು. ಇಟ್ಟಮೇಲೆ ಬಹಳ ಹೊತ್ತು, ಕೋಟಿನಲ್ಲೇ, ಆ ದನಿಯನ್ನು ಮತ್ತೆ ಮತ್ತೆ ನೆನೆಸಿಕೊಂಡಳು. ತಂಗಿ ಬೇಕೆನಿಸಿತು. ಮೊಣಕಾಲು ತರಚಿಕೊಂಡ ಮಗುವಿಗೆ ಅಮ್ಮ ಬೇಕೆನಿಸುವ ಹಾಗೆ, ನಾಚಿಕೆಯಿಲ್ಲದೆ ಬೇಕೆನಿಸಿತು.

ಜಗಳ ಅಮ್ಮನ ಮಣ್ಣಿನ ದಿನ ಆದದ್ದು. ಹೊಸ ಪ್ರಾರ್ಥನಾ ಪುಸ್ತಕ ಬಂದ ಮರುವರ್ಷ. ಪಾರ್ಶ್ವವಾಯು ಬಡಿದು ಮಲಗಿದ್ದ ಅಮ್ಮನನ್ನು ಎರಡು ವರ್ಷ ನೋಡಿಕೊಂಡವಳು ಲವ್‌ಡೇ. ಥರ್ಜಾ ಭಾನುವಾರ ಮಧ್ಯಾಹ್ನ ಬಂದು ಹಳೆಯ ಪುಸ್ತಕದಿಂದ ಓದಿ ಹೇಳಿ ಹೋಗುತ್ತಿದ್ದಳು. ನನ್ನನ್ನು ಈ ಮಾತುಗಳಲ್ಲೇ ಮಣ್ಣು ಮಾಡಿ ಎಂದು ಅಮ್ಮ ಥರ್ಜಾಗೆ ಹೇಳಿದ್ದಳು. ಆದರೆ ಸತ್ತ ದಿನ ಆಗಿನ ಪಾದ್ರಿ ಕೇಳಿದಾಗ, ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ ಲವ್‌ಡೇ, ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ ಎಂದುಬಿಟ್ಟಳು. ಅವರು ಹೊಸ ಪುಸ್ತಕ ತೆರೆದರು. ಸಮಾಧಿಯ ಬಳಿ ಹಲ್ಲು ಕಚ್ಚಿಕೊಂಡಿದ್ದ ಥರ್ಜಾ ಆಮೇಲೆ ಊಟದ ಹೊತ್ತಿಗೆ, ನೆಲಮಾಳಿಗೆಯ ತುಂಬ ಜನ ತಟ್ಟೆ ಹಿಡಿದು ನಿಂತಿರುವಾಗ, ಅಮ್ಮನನ್ನು ಅಪರಿಚಿತರಂತೆ ಮಣ್ಣು ಮಾಡಿದೆ ಎಂದು ತಂಗಿಯ ಮೇಲೆ ಹರಿಹಾಯ್ದಳು. ಎರಡು ವರ್ಷ ಅವಳ ಹೇಲು ಉಚ್ಚೆ ತೆಗೆದವಳು ನಾನು, ನೀನು ಪುಸ್ತಕ ಓದಿದವಳು ಎಂದಳು ಲವ್‌ಡೇ. ಅದು ಸತ್ಯವಾಗಿತ್ತು. ಸತ್ಯಕ್ಕೆ ಎದುರಾಡಲು ಬೇರೇನೂ ಸಿಗದೆ ಥರ್ಜಾ, "ತೆಗೆದಿದ್ದು ಮನೆ ಸಿಗತ್ತೆ ಅಂತ ತಾನೇ," ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲವ್‌ಡೇ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು, ಎಲ್ಲರ ನಡುವಿನಿಂದ ನಡೆದು ಹೋದಳು. ಅವಳ ಮುಖವನ್ನು ಥರ್ಜಾ ಹತ್ತಿರದಿಂದ ನೋಡಿದ್ದು ಅದೇ ಕೊನೆ.

ಭಾನುವಾರ ಎಂಟು ಗಂಟೆಯ ಪ್ರಾರ್ಥನೆ ಮುಗಿದಾಗ ಹೊರಗೆ ಬಿಸಿಲಿತ್ತು, ಛಾವಣಿಯ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ವೇದಿಯ ಪಕ್ಕದ ಸಣ್ಣ ಕೋಣೆಯಲ್ಲಿ ಥರ್ಜಾ ಬಟ್ಟಲನ್ನು ತೊಳೆದು ಹತ್ತು ಗಂಟೆಯವರಿಗಾಗಿ ಸಿದ್ಧ ಮಾಡಿದಳು. ಬಟ್ಟಲ ಮೇಲೆ ಮಡಿಚಿದ ಒರೆಸುವ ಬಟ್ಟೆ, ಅದರ ಮೇಲೆ ರೊಟ್ಟಿಯ ತಟ್ಟೆ, ಮೇಲೆ ಈಸ್ಟರಿಗೆ ಮುಂಚಿನ ಲೆಂಟ್ ಕಾಲದ ನೇರಳೆ ಹೊದಿಕೆ. ಎಂದಿನಂತೆ ಒಂಬತ್ತೂಕಾಲಿಗೆ ಪಕ್ಕದ ಬಾಗಿಲಿನಿಂದ ಹೊರಟುಬಿಡಬೇಕಿತ್ತು. ಒಂಬತ್ತೂವರೆಯಾದರೂ ಹೊದಿಕೆಯ ಅಂಚನ್ನು ನೇರ ಮಾಡುತ್ತಲೇ ನಿಂತಿದ್ದಳು. ಪಾದ್ರಿಯಮ್ಮ ಮಾರ್ಗರೆಟ್ ಆಶ್ ಒಳಗೆ ಬಂದು ನೋಡಿ ಬಾಗಿಲಲ್ಲೇ ನಿಂತರು. ಐದು ವರ್ಷದ ಹಿಂದೆ ಈ ಹೆಂಗಸು ಪಾದ್ರಿಯಾಗಿ ಬಂದಾಗ ಮೂರು ತಿಂಗಳು ಮುಖ ಸಿಂಡರಿಸಿದವಳು ಥರ್ಜಾ. ಆಮೇಲೆ ಆಕೆ ಎಂಟು ಗಂಟೆಯ ಹಳೆಯ ಮಾತುಗಳನ್ನು ಒಂದಕ್ಷರ ತಪ್ಪದೆ ಹೇಳುವುದನ್ನು ಕೇಳಿ ಸೋತಿದ್ದಳು.

"ಹುಷಾರಾಗಿದ್ದೀರಾ ಥರ್ಜಾ?"

"ಅವಳ ಪತ್ರ ಬರೆದಾಯ್ತಾ ನೀವು?"

ಪಾದ್ರಿಯಮ್ಮ ಬಾಗಿಲು ಮುಚ್ಚಿದರು. "ಬರೆದಿದ್ದೀನಿ. ಸಹಿ ಮಾಡಿಲ್ಲ."

"ತುಟಿ ಬಣ್ಣದ ಬಗ್ಗೆ ನಾನು ಯಾರಿಗೂ ದೂರು ಹೇಳಿರ್ಲಿಲ್ಲ."

"ಹಿಲ್ಡಾ ಬುಧವಾರಾನೇ ಬಂದು ಅತ್ತು ಹೋದ್ರು. ತಪ್ಪು ನಂದೂ ಇದೆ, ನಿಮ್ಮನ್ನೊಂದು ಮಾತು ಕೇಳ್ಬೇಕಿತ್ತು." ಅವರು ನಿಲುವಂಗಿ ಹಾಕಿಕೊಳ್ಳುತ್ತ ಮೆಲ್ಲಗೆ ಅಂದರು, "ಇದನ್ನ ನಾನು ಲವ್‌ಡೇಗೆ ಹೇಳ್ಬಹುದು. ಆದ್ರೆ ನಾನು ಹೇಳಿದ್ರೆ ಅದು ಬರೀ ಸುದ್ದಿ."

ಥರ್ಜಾ ಹೊರಗೆ ಬಂದು ಹಿಂದಿನಿಂದ ಮೂರನೆಯ ಬೆಂಚಿನಲ್ಲಿ ಕೂತಳು. ಹತ್ತು ಗಂಟೆಯವರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಂದವರೆಲ್ಲ ಅವಳನ್ನು ಕಂಡು ಒಂದು ಕ್ಷಣ ತಡವರಿಸಿ ಮುಂದೆ ಹೋದರು. ಯಾರ ಜಾಗದಲ್ಲಿ ಕೂತಿದ್ದಳೋ ಆ ಸಂಸಾರ ಪಾಪ, ಅವಳನ್ನು ಎಬ್ಬಿಸಲಾರದೆ ಎದುರು ಸಾಲಿಗೆ ಹೋಗಿ ಇಕ್ಕಟ್ಟಾಗಿ ಕೂತಿತು. ಆರ್ಗನ್ನು ಶುರುವಾದ ಮೇಲೆ ಲವ್‌ಡೇ ಬಂದಳು. ಹಸಿರು ಕೋಟು, ಕೈಚೀಲ. ಅಕ್ಕನನ್ನು ನೋಡಲಿಲ್ಲವೋ, ನೋಡಿಯೂ ನೋಡದಂತೆ ಹೋದಳೋ, ನಡುದಾರಿಯ ಆಚೆ ನಾಲ್ಕು ಬೆಂಚು ಮುಂದೆ ಒಬ್ಬಳೇ ಕೂತಳು.

ಥರ್ಜಾ ಆ ಬೆನ್ನನ್ನು ನೋಡಿದಳು. ಕತ್ತು ಬಾಗಿತ್ತು. ಕೂದಲು ತೆಳ್ಳಗಾಗಿ ನೆತ್ತಿಯ ಚರ್ಮ ಕಾಣುತ್ತಿತ್ತು. ಹಾಡುವಾಗ ತಲೆ ಒಂದು ಪಕ್ಕಕ್ಕೆ ವಾಲುತ್ತಿತ್ತು, ಥೇಟ್ ಅಮ್ಮನದು. ಬಟ್ಟೆಯ ಮೇಲಿನ ಬಣ್ಣಕ್ಕೆ ವಯಸ್ಸಾಗುವುದಿಲ್ಲ. ಅದನ್ನು ನೋಡುತ್ತ ಥರ್ಜಾ ಇಷ್ಟು ವರ್ಷವೂ ನಲವತ್ತೊಂಬತ್ತರ ತಂಗಿಯ ಜೊತೆಗೇ ಕಾಫಿ ಕುಡಿದಿದ್ದಳು. ಇಲ್ಲಿ ಕೂತಿದ್ದವಳಿಗೆ ಅರವತ್ತಾರು. ಈ ನಡುವಿನದೆಲ್ಲ ನನಗೆ ಸಿಗಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಪಾಪದ ಅರಿಕೆ ಮುಗಿದು ಪಾದ್ರಿಯಮ್ಮ ಕೈ ಚಾಚಿ, "ಪ್ರಭುವಿನ ಸಮಾಧಾನ ಯಾವಾಗಲೂ ನಿಮ್ಮೊಂದಿಗಿರಲಿ," ಎಂದರು. ಅಷ್ಟೇ ಸಾಕು, ಸಂತೆ ಶುರುವಾಯಿತು. ಎಲ್ಲರೂ ಎದ್ದು, ಬೆಂಚು ದಾಟಿ, ಕೈ ಕುಲುಕಿ, ಅಪ್ಪಿ, ಮಂಡಿನೋವು ವಿಚಾರಿಸಿ, ಗದ್ದಲವೋ ಗದ್ದಲ. ಎಂಟು ಗಂಟೆಯವರ ನಡುವೆ ಕೂತು ಇದನ್ನೇ ಅದೆಷ್ಟು ಸಲ ಆಡಿಕೊಂಡು ನಕ್ಕಿದ್ದಳು ಥರ್ಜಾ. ಈಗ ಎದ್ದು ನಿಂತಳು. ನಡುದಾರಿಗೆ ಇಳಿದಳು. ನಾಲ್ಕು ಬೆಂಚಿನ ದೂರ ನಡೆಯುವಷ್ಟರಲ್ಲಿ ಸುತ್ತಲಿನ ಗದ್ದಲ ಒಬ್ಬೊಬ್ಬರಾಗಿ ಅಡಗಿತು.

"ಪ್ರಭುವಿನ ಸಮಾಧಾನ ನಿನ್ನೊಂದಿಗಿರಲಿ," ಎಂದು ಕೈ ಚಾಚಿದಳು.

ಲವ್‌ಡೇ ತಿರುಗಿದಳು. ಬರಿಯ ತುಟಿಗಳು ಒಣಗಿ ಬೂದಿಯಂತಿದ್ದವು. "ನಿನ್ನೊಂದಿಗೂ," ಎಂದಳು, ಯಾರಿಗಾದರೂ ಹೇಳುವಂತೆ. ಕೈ ಮಾತ್ರ ಚೀಲದ ಮೇಲೇ ಇತ್ತು.

"ಅದು ನಾನು ಹೇಳ್ಸಿದ್ದಲ್ಲ ಕಣೇ."

"ಏನು?"

"ತುಟಿ ಬಣ್ಣ. ಹಿಲ್ಡಾ ತಾನಾಗೇ ಹೋಗಿ ಹೇಳಿದ್ದು. ನನಗೆ ಗೊತ್ತೇ ಇರ್ಲಿಲ್ಲ. ಮೂರು ವಾರದಿಂದ ಬಟ್ಟೆ ಬೆಳ್ಳಗೇ ಬರ್ತಿತ್ತು. ನೀನು ಸತ್ತೇ ಹೋದ್ಯೇನೋ ಅಂದ್ಕೊಂಡೆ."

"ಸತ್ತಿದ್ರೆ ಗಂಟೆ ಹೊಡೀತಿರ್ಲಿಲ್ವಾ?" ಲವ್‌ಡೇ ಕಣ್ಣು ಕಿರಿದು ಮಾಡಿದಳು. "ಬುಧವಾರ ಫೋನ್ ಮಾಡಿ ಬರೀ ಉಸಿರು ಬಿಟ್ಟಿದ್ದು ನೀನೇನಾ?"

"ಹೂಂ."

"ಯಾವನೋ ಪೋಲಿ ಮುದುಕ ಅಂದ್ಕೊಂಡೆ."

ಹತ್ತಿರದಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಥರ್ಜಾ ನಗಲಿಲ್ಲ. ಚಾಚಿದ ಕೈ ಹಾಗೆಯೇ ಇತ್ತು, ಸೋಲುತ್ತಿತ್ತು, ಆದರೂ ಇಳಿಸಲಿಲ್ಲ.

"ಇನ್ನೊಂದು ಮಾತಿದೆ," ಎಂದಳು. "ಅಮ್ಮನ ಮಣ್ಣಿನ ದಿನ ನಾನು ಆಡಿದ್ದು ಸುಳ್ಳು. ನೀನು ಮನೆ ಆಸೆಗೆ ಮಾಡ್ಲಿಲ್ಲ. ಅದು ಅವತ್ತೇ ನನಗೆ ಗೊತ್ತಿತ್ತು. ಬಾಯಿಗೆ ಬಂತು, ಆಡ್ದೆ."

"ಮೆಲ್ಲಗೆ ಹೇಳು, ಥರ್ಜೀ. ಎಲ್ರೂ ಕೇಳಿಸ್ಕೊಳ್ತಿದ್ದಾರೆ."

"ಕೇಳಿಸ್ಕೊಳ್ಲಿ. ಅವತ್ತೂ ಎಲ್ರೆದುರೇ ಆಡಿದ್ದು."

ಲವ್‌ಡೇ ತಲೆ ತಗ್ಗಿಸಿದಳು. ಚೀಲದ ಕೊಕ್ಕೆಯನ್ನು ತೆಗೆದಳು, ಹಾಕಿದಳು. ಬಾಗಿಲ ಬಳಿ ಹಿಲ್ಡಾ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಹದಿನೇಳು ವರ್ಷ ಬೇಕಾಯ್ತು ನಿನಗೆ," ಎಂದಳು ಲವ್‌ಡೇ ಕೊನೆಗೆ. ದನಿ ಗಟ್ಟಿಯಾಗಿಯೇ ಇತ್ತು. "ನಾನು ಮರ್ತಿಲ್ಲ. ಈಗ್ಲೂ ಕೆಲವು ದಿನ ತಟ್ಟೆಗೆ ಊಟ ಬಡಿಸ್ಕೊಂಡ್ರೆ ಆ ಮಾತು ನೆನಪಾಗತ್ತೆ."

"ಆಗ್ಲೇಬೇಕು."

"ನಾನು ಬೇರೆ ದಿನ ತುಟಿಗೆ ಏನೂ ಹಚ್ಚಲ್ಲ. ಗೊತ್ತಾ ನಿನಗೆ?"

"ಇಲ್ಲ."

"ಐವತ್ತಾದ ಮೇಲೆ ಬಿಟ್ಟುಬಿಟ್ಟೆ. ಭಾನುವಾರ ಮಾತ್ರ. ಚರ್ಚಿಗೆ ಬರೋ ಮುಂಚೆ, ದಪ್ಪಗೆ." ಅವಳು ಒಣಗಿದ ತುಟಿ ಒರೆಸಿಕೊಂಡಳು. "ಯಾರು ಒಗೀತಾರೇಂತ ನನಗೆ ಗೊತ್ತಿರ್ಲಿಲ್ವಾ? ಅಮ್ಮನ ಸಿಂಕಿನ ಎದುರು ನಿಂತ್ಕೊಂಡು ಹಚ್ಕೊಳ್ತಿದ್ದೆ. ಆ ದಿನ ಪಾದ್ರಿಯಮ್ಮ ನಿನ್ನ ಹೆಸರು ಹೇಳಿದಾಗ, ಇದೂ ಬೇಡ್ವಾ ಅವಳಿಗೆ, ಇಷ್ಟೂ ಬೇಡ್ವಾ ಅನ್ನಿಸ್ತು."

ಥರ್ಜಾ ಬೇಕಿತ್ತು ಎಂದು ತಲೆ ಆಡಿಸಿದಳು. ಬಹಳ ಸಲ ಆಡಿಸಿದಳು. ಲವ್‌ಡೇ ಅವಳ ಬೆರಳುಗಳನ್ನು ನೋಡಿದಳು, ಗಂಟುಗಂಟಾಗಿ ಸೊಟ್ಟಗಾದ ಬೆರಳುಗಳನ್ನು. ಆಮೇಲೆ ಅವನ್ನು ತನ್ನ ಕೈಗೆ ತೆಗೆದುಕೊಂಡಳು.

"ಐಸ್ ಥರ ಇದೆ," ಎಂದು ಗೊಣಗಿದಳು. "ಕೂತ್ಕೋ. ಎಷ್ಟು ಹೊತ್ತು ಜನರ ದಾರೀಲಿ ನಿಂತಿರ್ತೀಯ?"

ಅವಳು ಸರಿದು ಜಾಗ ಮಾಡಿದಳು. ಆರ್ಗನ್ನು ನುಡಿಸುವವನು ಎಲ್ಲರಿಗಿಂತ ತಡವಾಗಿ ಎಚ್ಚೆತ್ತು ಹಾಡು ಶುರುಮಾಡಿದ. ಕಾಣಿಕೆಯ ತಟ್ಟೆ ಬಂತು, ಹೋಯಿತು. ಪಾದ್ರಿಯಮ್ಮ ವೇದಿಯ ಹಿಂದೆ ನಿಂತು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಆಶೀರ್ವದಿಸಿದರು. ಥರ್ಜಾಗೆ ಹೊಸ ಪುಸ್ತಕದಲ್ಲಿ ಯಾವ ಪುಟವೋ ತಿಳಿಯಲಿಲ್ಲ. ಯಾವಾಗ ನಿಲ್ಲಬೇಕು, ಯಾವಾಗ ಮಂಡಿಯೂರಬೇಕು ಒಂದೂ ಗೊತ್ತಾಗದೆ ತಂಗಿಯ ಮೊಣಕೈ ತಿವಿದಾಗಲೆಲ್ಲ ಏಳುತ್ತ ಕೂರುತ್ತ ಇದ್ದಳು.

ಎಲ್ಲರೂ ಒಟ್ಟಿಗೆ ಹೇಳುವ ಕರ್ತನ ಪ್ರಾರ್ಥನೆ ಬಂತು. ಎಲ್ಲರೂ ಹೊಸ ಮಾತುಗಳಲ್ಲಿ ಶುರುಮಾಡಿದರು. ಥರ್ಜಾಳ ಬಾಯಿಗೆ ಬಂದದ್ದು ಹಳೆಯವು. ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಅಮ್ಮ ಬಾಯಿಪಾಠ ಮಾಡಿಸಿದ ಮಾತುಗಳು, ಬೇರೆ ಯಾವುದನ್ನೂ ಅವಳ ನಾಲಗೆ ಅರಿಯದು. ತಪ್ಪಾಯಿತೆಂದು ತಿಳಿದು ಅವಳು ದನಿ ತಗ್ಗಿಸಿದಳು, ಎರಡನೆಯ ಸಾಲಿಗೆ ನಿಲ್ಲಿಸಿಯೇಬಿಟ್ಟಳು.

ಆಗ ಪಕ್ಕದಲ್ಲಿ ಲವ್‌ಡೇಯ ದನಿ ಹಾದಿ ಬದಲಿಸಿತು. ಹೊಸ ಸಾಲನ್ನು ಅರ್ಧಕ್ಕೆ ಬಿಟ್ಟು, ಥರ್ಜಾ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ, ಹಳೆಯ ಮಾತನ್ನೇ ಎತ್ತಿಕೊಂಡಿತು. ಥರ್ಜಾ ಸೇರಿಕೊಂಡಳು. ಹಳೆಯದು ಉದ್ದ, ಹೊಸದು ಗಿಡ್ಡ. ಮಿಕ್ಕವರೆಲ್ಲ ಆಮೆನ್ ಎಂದಾಗ ಅವರಿಬ್ಬರದು ಇನ್ನೂ ಒಂದು ಸಾಲು ಬಾಕಿಯಿತ್ತು. ಚರ್ಚು ಸದ್ದಿಲ್ಲದೆ ನಿಂತಿತು. ವೇದಿಯ ಹಿಂದೆ ಪಾದ್ರಿಯಮ್ಮ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುರಿಯದೆ, ಆ ಇಬ್ಬರು ಮುದುಕಿಯರು ಮುಗಿಸಲೆಂದು ಕಾಯುತ್ತಿದ್ದರು.